ಜಾಗ ಹಿಡಿಯುವ ರೇಣುಕಾದೇವಿ

ಅಮೆರಿಕದ ವಾಷಿಂಗ್ಟನ್ ಪಕ್ಕದ ಗೈದರ್ಸ್‌ಬರ್ಗಿನ ಕನ್ನಡದವರಲ್ಲಿ ರೇಣುಕಾದೇವಿ ಎಂದರೆ ಯಾರೂ ತಟ್ಟನೆ ಗುರುತು ಹಿಡಿಯುವುದಿಲ್ಲ. "ಜಾಗ ಹಿಡಿಯೋ ಆಂಟಿ" ಎನ್ನಿ, ಸಾಕು, ಚಿಕ್ಕ ಮಕ್ಕಳೂ ಕಿಸಕ್ಕೆಂದು ನಗುತ್ತವೆ. ಲ್ಯಾನ್‌ಹ್ಯಾಮಿನ ದೇವಸ್ಥಾನದ ಊಟದ ಹಾಲಿಗೆ ಹೋಗಿ ನೋಡಬೇಕು. ಮಂಗಳಾರತಿಯ ಗಂಟೆ ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಒಂದು ಕುರ್ಚಿಯ ಮೇಲೆ ಅವರ ಕೈಚೀಲ, ಇನ್ನೊಂದರ ಮೇಲೆ ಶಾಲು, ಮತ್ತೊಂದರ ಮೇಲೆ ಸಾಕ್ಷಾತ್ ಗಂಡ ರಾಮಲಿಂಗಪ್ಪನವರು. ಯಾರಾದರೂ ಪಾಪದವರು ಬಂದು "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದರೋ, "ಬರ್ತಾರೆ, ಬರ್ತಾರೆ, ಕಾರ್ ಪಾರ್ಕ್ ಮಾಡ್ತಿದಾರೆ" ಎಂಬ ಉತ್ತರ ಸಿದ್ಧ. ಆ ಬರುವವರು ಆಗಿನ್ನೂ ಮನೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿರುತ್ತಾರೆ. ಜುಲೈ ನಾಲ್ಕರ ಬಾಣಬಿರುಸಿಗೆ, ಶಾಲೆಯ ಮಕ್ಕಳ ಕಾರ್ಯಕ್ರಮಕ್ಕೆ, ಯಾರದೋ ಮದುವೆಯ ಮುಂದಿನ ಸಾಲಿಗೆ, ಎಲ್ಲಕ್ಕೂ ಅವರೇ. ಬೈದುಕೊಳ್ಳುವವರೂ ಉಂಟು. ಆದರೆ ಬೈದವರೇ ಮುಂದಿನ ವಾರ ಫೋನ್ ಮಾಡಿ, "ಆಂಟಿ, ನಮಗೂ ನಾಲ್ಕು ಸೀಟು ನೋಡ್ಕೊಳ್ಳಿ" ಎನ್ನುತ್ತಾರೆ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಹತ್ತು ವರ್ಷದ ರೇಣುಕಾ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿರುತ್ತಿದ್ದಳು. ಹರಪನಹಳ್ಳಿಯ ಬಸ್ಸು ತಿರುವಿನಲ್ಲಿ ಮೂತಿ ತೋರಿಸಿದ್ದೇ ತಡ, ಲಂಗ ಎತ್ತಿ ಕಟ್ಟಿ ಬಸ್ಸಿನ ಜೊತೆಗೇ ಓಡಿ, ಕಿಟಕಿಯಿಂದ ಟವೆಲ್ ಎಸೆದುಬಿಡುವುದು. ಟವೆಲ್ ಬಿತ್ತೆಂದರೆ ಸೀಟು ನಮ್ಮದು. ಅದಕ್ಕೆ ಕೋರ್ಟೂ ಇಲ್ಲ, ಅಪೀಲೂ ಇಲ್ಲ. ಹಾಗೆ ಹಿಡಿದ ಕಿಟಕಿ ಸೀಟಿನಲ್ಲಿ ತಾನು ಕೂತವಳಲ್ಲ. ತಮ್ಮ ಕರಬಸಪ್ಪನನ್ನು ಕೂರಿಸಿ, ಅವನ ಅಂಗಿಯ ತುದಿ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದಳು. ತಾಯಿಗೆ ಸದಾ ಕಾಯಿಲೆ. ತಮ್ಮನನ್ನು ಎತ್ತಿ ಆಡಿಸಿ, ಉಣಿಸಿ, ಶಾಲೆಗೆ ಬಿಟ್ಟು ಬಂದವಳು ಇವಳೇ.

ಮದುವೆಯಾಗಿ ರಾಮಲಿಂಗಪ್ಪನವರ ಜೊತೆ ಅಮೆರಿಕಕ್ಕೆ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಅವರಿಗೆ ಗೈದರ್ಸ್‌ಬರ್ಗಿನ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ. ಬಂದು ನಾಲ್ಕೇ ವರ್ಷಕ್ಕೆ ರೇಣುಕಾದೇವಿ ಗಂಡನ ತಲೆ ತಿಂದು, ಅರ್ಜಿಗಳ ಮೇಲೆ ಅರ್ಜಿ ಹಾಕಿಸಿ, ತಮ್ಮನನ್ನೂ ಕರೆಸಿಕೊಂಡರು. ಅವನಿಗೆ ನಾರ್ತ್ ಕೆರೊಲಿನಾದ ರಾಲಿಯಲ್ಲಿ ಕೆಲಸ ಸಿಕ್ಕಿತು. ವಸಂತಾಳನ್ನು ಮದುವೆಯಾದ. ಕಾರಿನಲ್ಲಿ ಐದು ಗಂಟೆಯ ದಾರಿ. ಹಬ್ಬಕ್ಕೆ ಇವರು ಅಲ್ಲಿಗೆ, ರಜೆಗೆ ಅವರು ಇಲ್ಲಿಗೆ, ಎರಡು ಮನೆ ಒಂದೇ ಎನ್ನುವ ಹಾಗೆ ನಡೆದುಕೊಂಡು ಬಂದಿತ್ತು.

ಮಗ ಪ್ರತಾಪ್ ಶಾಲೆಗೆ ಹೋಗತೊಡಗಿದ ಮೇಲೆ ರೇಣುಕಾದೇವಿ ಬಟ್ಟೆ ಆಲ್ಟರೇಶನ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಅವರ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದವರು ಸೆತ್ಸುಕೋ ಎಂಬ ಜಪಾನಿ ಹೆಂಗಸು. ಅಮೆರಿಕನ್ ಸಿಪಾಯಿಯನ್ನು ಮದುವೆಯಾಗಿ ಐವತ್ತರ ದಶಕದಲ್ಲೇ ಬಂದವರು, ಈಗ ವಿಧವೆ, ಮಾತು ಕಡಿಮೆ. ಇವರೋ ಬಾಯಿಬಡುಕಿ. ಒಬ್ಬರು ಆಡುವುದು, ಒಬ್ಬರು ಕೇಳುವುದು, ಇಬ್ಬರ ಮಧ್ಯೆ ಅದು ಹೇಗೋ ಚೆನ್ನಾಗಿ ಹೊಂದಿಕೊಂಡಿತು. ಒಂದು ಮಾರ್ಚಿಯಲ್ಲಿ ಸೆತ್ಸುಕೋ ಪ್ಯಾಂಟಿನ ಅಂಚು ಮಡಿಸುತ್ತ ತಮ್ಮ ಕಷ್ಟ ಹೇಳಿಕೊಂಡರು. ವಾಷಿಂಗ್ಟನ್ನಿನ ಟೈಡಲ್ ಬೇಸಿನ್ ಕೆರೆಯ ಸುತ್ತ ಚೆರ್ರಿ ಮರಗಳು ಹೂ ಬಿಟ್ಟಾಗ ಇಲ್ಲಿನ ಜಪಾನಿ ಹೆಂಗಸರೆಲ್ಲ ಹನಾಮಿಗೆ ಹೋಗುತ್ತಾರೆ. ಹನಾಮಿ ಎಂದರೆ ಹೂವು ನೋಡುವುದು. ಮರದ ಕೆಳಗೆ ಚಾಪೆ ಹಾಸಿ, ಚಪ್ಪಲಿ ಆಚೆ ಬಿಟ್ಟು ಕೂತು, ತಂದದ್ದನ್ನು ಹಂಚಿಕೊಂಡು ತಿಂದು ಬರುವುದು. ಜಪಾನಿನಲ್ಲಾದರೆ ಆಫೀಸಿಗೆ ಹೊಸದಾಗಿ ಸೇರಿದವರನ್ನು ನಸುಕಿನಲ್ಲೇ ಕಳಿಸಿ ಜಾಗ ಹಿಡಿಸುತ್ತಾರೆ. ಇಲ್ಲಿ ಎಲ್ಲರೂ ವಯಸ್ಸಾದವರು, ಹೋಗುವ ಹೊತ್ತಿಗೆ ಒಳ್ಳೆಯ ಮರದ ಕೆಳಗೆ ಕಾಲಿಡಲೂ ಜಾಗ ಇರುವುದಿಲ್ಲ.

ರೇಣುಕಾದೇವಿಯವರ ಮೆಷಿನ್ನು ನಿಂತೇಹೋಯಿತು.

"ಜಾಗ ಹಿಡಿಯೋದು ಅಂದ್ರೆ? ಬೇಗ ಹೋಗಿ ಏನಾದ್ರೂ ಹಾಸಿ ಕೂರೋದಾ? ಅಷ್ಟೇನಾ?" ಎಂದು ತಮ್ಮ ಇಂಗ್ಲಿಷಿನಲ್ಲಿ ಕೇಳಿದರು.

"ಅಷ್ಟೇ."

"ಅದಕ್ಕೆ ಇಷ್ಟು ಯೋಚನೆಯಾ! ನನ್ನನ್ನ ಕೇಳೋದಲ್ವಾ ಮಾರಾಯ್ತಿ!"

ಆ ವರ್ಷದಿಂದ ಜಪಾನಿ ಹೆಂಗಸರ ಜಾಗ ಹಿಡಿಯುವ ಪಟ್ಟ ದಾವಣಗೆರೆಯ ರೇಣುಕಾದೇವಿಗೆ ಸಿಕ್ಕಿತು. ಹಳೆಯ ಸೀರೆಗಳನ್ನು ಸೇರಿಸಿ ತಾವೇ ಹೊಲಿದ ದೊಡ್ಡ ಕೌದಿಯನ್ನು ನೀರಿನ ಪಕ್ಕದ ಮರದ ಕೆಳಗೆ ಹಾಸಿ, ನಡುವೆ ಪದ್ಮಾಸನ ಹಾಕಿ ಕೂತುಬಿಡುವರು. ಮೊದಲ ವರ್ಷ ವಾಪಸ್ ಬರುವಾಗ ಕಾರಿನಲ್ಲಿ ಗಂಡನ ಹತ್ತಿರ ಒಂದೇ ಗೊಣಗಾಟ: "ಮುಡಿಯೋ ಹಾಗಿಲ್ಲ, ದೇವರಿಗೆ ಏರಿಸೋ ಹಾಗಿಲ್ಲ, ಮೂಗಿಗೆ ಹಿಡಿದ್ರೆ ವಾಸನೆ ಇಲ್ಲ. ತಿನ್ನೋಕೆ ಹಣ್ಣಾದ್ರೂ ಬಿಡುತ್ತಾ ಅಂದ್ರೆ ಅದೂ ಇಲ್ವಂತೆ! ಇದನ್ನ ನೋಡೋಕೆ ಇಷ್ಟು ಜನವಾ? ಅದೂ ಒಂದು ವಾರಕ್ಕೆ ಎಲ್ಲ ಉದುರಿಹೋಗುತ್ತಂತೆ ರೀ." ಎರಡನೆಯ ವರ್ಷ ಅಷ್ಟು ಗೊಣಗಲಿಲ್ಲ. ಮೂರನೆಯ ವರ್ಷ ಮಧ್ಯಾಹ್ನ ಗಾಳಿ ಬೀಸಿ ಕೌದಿಯ ತುಂಬ ಎಸಳು ಬಿದ್ದಾಗ, ಮಾತಿನ ಮಧ್ಯೆ ತಾವಾಗಿಯೇ ಸುಮ್ಮನಾದರು. ರೇಣುಕಾದೇವಿ ಬಾಯಿ ಮುಚ್ಚಿದ್ದನ್ನು ನೋಡಿ ಸೆತ್ಸುಕೋ ಉಳಿದವರಿಗೆ ಜಪಾನಿಯಲ್ಲಿ ಏನೋ ಹೇಳಿದರು, ಎಲ್ಲರೂ ನಕ್ಕರು. ಆಮೇಲಿನಿಂದ ಫೆಬ್ರವರಿಯಲ್ಲೇ ಇವರ ಪ್ರಶ್ನೆ ಶುರು: "ಯಾವಾಗ ಬಿಡುತ್ತೆ? ಮೊಗ್ಗು ಬಂತಂತಾ?"

ಇಷ್ಟರವರೆಗೆ ನಗುವಂಥದ್ದು. ಇನ್ನು ಮುಂದಿನದು ನಗುವ ಮಾತಲ್ಲ.

ಕರಬಸಪ್ಪನಿಗೆ ಒಬ್ಬಳೇ ಮಗಳು, ಮಾನ್ಯಾ. ರಾಲಿಯ ಅಪಾರ್ಟ್‌ಮೆಂಟಿನಲ್ಲಿ ಅವಳ ತೊಟ್ಟಿಲ ಶಾಸ್ತ್ರ ನಡೆದಾಗ ಸೋದರತ್ತೆ ರೇಣುಕಾದೇವಿಯೇ ಕಿವಿಯಲ್ಲಿ ಹೆಸರು ಹೇಳಿದವರು. ಹೇಳಿ, ಬೆನ್ನಿಗೆ ಗುದ್ದಿಸಿಕೊಂಡು, ತಲೆಯೆತ್ತಿ ಎಲ್ಲರೆದುರಿಗೂ ಸಾರಿದರು: "ಇವಳು ನನ್ನ ಸೊಸೆ. ನನ್ನ ಪ್ರತಾಪಂಗೆ. ಈಗ್ಲೇ ಹೇಳಿದೀನಿ, ಬೇರೆ ಯಾರೂ ಕಣ್ಣು ಹಾಕೋ ಹಾಗಿಲ್ಲ!" ತಮ್ಮನ ಮಗಳನ್ನು ಅಕ್ಕನ ಮಗನಿಗೆ ಎಂದು ತೊಟ್ಟಿಲಲ್ಲೇ ಆಡಿಕೊಳ್ಳುವುದು ನಮ್ಮಲ್ಲಿ ವಾಡಿಕೆ, ಅರ್ಧ ತಮಾಷೆ, ಅರ್ಧ ನಿಜ. ಎಲ್ಲರೂ ನಕ್ಕರು. ಐದು ವರ್ಷದ ಪ್ರತಾಪ್ ಮೂಲೆಯಲ್ಲಿ ಆಟದ ಕಾರು ಬಿಡುತ್ತಿದ್ದ. ಆದರೆ ರೇಣುಕಾದೇವಿಯ ಮಟ್ಟಿಗೆ ತಮಾಷೆಯ ಅರ್ಧ ವರ್ಷದಿಂದ ವರ್ಷಕ್ಕೆ ಕರಗುತ್ತ ಬಂತು, ನಿಜದ ಅರ್ಧ ಉಬ್ಬುತ್ತ ಹೋಯಿತು. ಊರಿಗೆ ಹೋದಾಗಲೆಲ್ಲ ಸೊಸೆಗೆಂದು ಒಂದು ಸೀರೆ. ಫೋನ್ ಮಾಡಿದರೆ "ನನ್ನ ಸೊಸೆ ಏನ್ ಮಾಡ್ತಿದಾಳೆ?" ಮಾನ್ಯಾ ಅತ್ತೆಯ ಕತ್ತಿಗೆ ಜೋತುಬಿದ್ದು ಬೆಳೆದ ಹುಡುಗಿ. ಅತ್ತೆಯ ಬಸ್ಸು, ಟವೆಲ್ಲುಗಳ ಕತೆ ಎಷ್ಟು ಸಲ ಕೇಳಿದರೂ ಅವಳಿಗೆ ಸಾಲದು.

ತೊಂಬತ್ತನಾಲ್ಕರ ಜೂನಿನಲ್ಲಿ ಮಾನ್ಯಾಳ ಹೈಸ್ಕೂಲು ಮುಗಿಯಿತು. ಮನೆಯ ಹಿತ್ತಲಲ್ಲಿ ಪಾರ್ಟಿ. ಅವಳ ಗೆಳೆಯ ಗೆಳತಿಯರು, ಇಬ್ಬರು ಟೀಚರುಗಳು, ಅಕ್ಕಪಕ್ಕದವರು. ರೇಣುಕಾದೇವಿ ಇಳಕಲ್ ಸೀರೆ ಉಟ್ಟು, ತಟ್ಟೆ ಹಿಡಿದು ನಡುವೆ ನಿಂತರು. ಯಾರೋ "ನೀವು ಮಾನ್ಯಾಗೆ ಏನಾಗಬೇಕು?" ಎಂದರು. ಇವರು ಹಿತ್ತಲಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು, ತಾನು ಅವಳ ತಂದೆಯ ಅಕ್ಕ, ಇವಳು ತನ್ನ ಸೊಸೆಯಾಗುವವಳು, ಕಾಲೇಜು ಮುಗಿದ ಕೂಡಲೇ ತನ್ನ ಮಗನ ಜೊತೆ ಮದುವೆ, ಹುಟ್ಟಿದ ದಿನವೇ ನಿಶ್ಚಯವಾಗಿದೆ ಎಂದು.

ಒಬ್ಬಳು ಹುಡುಗಿ ಮೆಲ್ಲಗೆ ಕೇಳಿದಳು, "ಪ್ರತಾಪ್ ನಿನ್ನ ಕಸಿನ್ ಅಲ್ವಾ?" ಒಬ್ಬ ಹುಡುಗ ಫಕ್ಕನೆ ನಕ್ಕ. ಮಾನ್ಯಾಳ ಮುಖ ಕೆಂಪಾಗಿ, ಬಿಳಿಚಿ, ಅವಳು ಒಳಗೆ ಓಡಿಹೋದಳು. ಹಿಂದೆಯೇ ಹೋದ ರೇಣುಕಾದೇವಿ "ಏನಾಯ್ತೇ? ಏನಂದೆ ಈಗ?" ಎಂದು ಮುಟ್ಟಲು ಹೋದರೆ ಹುಡುಗಿ ಕೈ ಕೊಡವಿದಳು.

"ನಾನು ಬಸ್ ಸೀಟ್ ಅಲ್ಲ, ಅತ್ತೆ! ಯೂ ಕಾಂಟ್ ಜಸ್ಟ್ ಥ್ರೋ ಯುವರ್ ಟವೆಲ್ ಆನ್ ಮಿ!"

ವಸಂತಾ ಬಾಗಿಲಲ್ಲಿ ನಿಂತಿದ್ದಳು. ಜೋರು ಮಾತಿನವಳಲ್ಲ. ಅವತ್ತೂ ಜೋರು ಮಾಡಲಿಲ್ಲ. "ಅಕ್ಕಾ, ನೀವು ನಮಗೆ ಬಹಳ ಮಾಡಿದೀರ, ಇಲ್ಲ ಅನ್ನಲ್ಲ. ಆದ್ರೆ ಇವತ್ತು ನನ್ನ ಮಗಳು ಅವಳ ಫ್ರೆಂಡ್ಸ್ ಮುಂದೆ ತಲೆ ಎತ್ತದ ಹಾಗೆ ಮಾಡಿದ್ರಿ. ಇನ್ನು ನಾವಾಗೇ ಕರೆಯೋವರೆಗೂ ಬರಬೇಡಿ" ಎಂದಳು. ಕರಬಸಪ್ಪ ಕಾಲೊರೆಸುವ ಚಾಪೆ ನೋಡುತ್ತ ನಿಂತಿದ್ದ. ಅಕ್ಕ ಹೊರಟಾಗಲೂ ಅವನು ತಲೆ ಎತ್ತಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಐದು ಗಂಟೆಯ ದಾರಿಯುದ್ದಕ್ಕೂ ರೇಣುಕಾದೇವಿ ಬೈದದ್ದೇ ಬೈದದ್ದು: ವಸಂತಾಳಿಗೆ ಸೊಕ್ಕು, ತಮ್ಮನಿಗೆ ಬೆನ್ನುಮೂಳೆ ಇಲ್ಲ, ಅಮೆರಿಕದ ಗಾಳಿ ಕೆಟ್ಟದ್ದು. ರಾಮಲಿಂಗಪ್ಪನವರು ವರ್ಷಕ್ಕೆ ನಾಲ್ಕು ಮಾತು ಆಡುವವರು. ಆ ವರ್ಷದ ಒಂದನ್ನು ಮನೆಯ ಬಾಗಿಲ ಬೀಗ ತೆಗೆಯುತ್ತ ಆಡಿದರು. "ರೇಣುಕಾ, ತಪ್ಪು ನಿಂದೇ." ಮುಂದೆ ಒಂದು ತಿಂಗಳು ಅವರಿಗೆ ಊಟದ ಹೊತ್ತಿನಲ್ಲಿ ಸಿಕ್ಕಿದ್ದು "ಮೊಸರು ಬೇಕಾ?" ಎಂಬ ಒಂದೇ ಪ್ರಶ್ನೆ.

ಆ ಸಿಟ್ಟು ಇಳಿಸಿದವನು ಪ್ರತಾಪನೇ. ಬಾಸ್ಟನ್ನಿನಲ್ಲಿದ್ದ ಅವನಿಗೆ ವಿಷಯ ಗೊತ್ತಾಗಿ ಫೋನಿನಲ್ಲಿ ಹೊಟ್ಟೆ ಹಿಡಿದು ನಕ್ಕ. "ಅಮ್ಮಾ, ಶಿ ಈಸ್ ಲೈಕ್ ಮೈ ಲಿಟಲ್ ಸಿಸ್ಟರ್! ನೀನು ಇಷ್ಟು ವರ್ಷ ಜೋಕ್ ಮಾಡ್ತಿದೀಯ ಅಂದ್ಕೊಂಡಿದ್ದೆ." ಫೋನು ಇಟ್ಟ ಮೇಲೆ ರೇಣುಕಾದೇವಿ ಅಡುಗೆಮನೆಯ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದರು. ಮಗನನ್ನೂ ಕೇಳಿರಲಿಲ್ಲ, ಹುಡುಗಿಯನ್ನೂ ಕೇಳಿರಲಿಲ್ಲ. ಹದಿನೆಂಟು ವರ್ಷ ಯಾರನ್ನೂ ಕೇಳಬೇಕೆಂದೇ ಅವರಿಗೆ ಹೊಳೆದಿರಲಿಲ್ಲ. ಅವತ್ತು ಒಬ್ಬರೇ ಬಿಕ್ಕಿ ಬಿಕ್ಕಿ ಅತ್ತರು.

ವಿಧಿಯ ಆಟ ನೋಡಿ, ಮಾನ್ಯಾ ಓದಲು ಸೇರಿದ್ದು ಕಾಲೇಜ್ ಪಾರ್ಕಿನ ಯೂನಿವರ್ಸಿಟಿಗೆ. ಅತ್ತೆಯ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ನಾಲ್ಕು ವರ್ಷದಲ್ಲಿ ಒಂದು ದಿನವೂ ಬರಲಿಲ್ಲ. ಒಂದು ಸಲ ರೇಣುಕಾದೇವಿ ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಕೊಂಡು, ತಾವೇ ಡ್ರೈವ್ ಮಾಡಿಕೊಂಡು ಹೋಗಿ, ಅವಳ ಹಾಸ್ಟೆಲಿನ ಪಾರ್ಕಿಂಗ್ ಲಾಟಿನಲ್ಲಿ ಕೂತಿದ್ದರು. ಯಾವ ಮುಖ ಇಟ್ಟುಕೊಂಡು ಬಾಗಿಲು ತಟ್ಟಲಿ ಅನ್ನಿಸಿತು. ಹಾಗೇ ತಿರುಗಿ ಬಂದರು. ಹೋಳಿಗೆ ರಾಮಲಿಂಗಪ್ಪನವರ ಪಾಲಾಯಿತು. ಅವರು ಏನೂ ಕೇಳದೆ ತಿಂದರು.

ತೊಂಬತ್ತೆಂಟರ ಮಾರ್ಚಿಯಲ್ಲಿ ರಾಮಲಿಂಗಪ್ಪನವರು ಹೇಗೋ ಸುದ್ದಿ ತಿಳಿದುಕೊಂಡು ಬಂದರು. ಮೇ ತಿಂಗಳಲ್ಲಿ ಮಾನ್ಯಾಳ ಓದು ಮುಗಿಯುತ್ತದೆ, ಮುಂದೆ ಕ್ಯಾಲಿಫೋರ್ನಿಯಾ. "ಒಂದು ಸಲ ಕರಿ. ಬಂದ್ರೆ ಬಂದ್ಲು, ಇಲ್ದಿದ್ರೆ ಇಲ್ಲ" ಎಂದರು. ದೂರ ಹೋದ ಮೇಲೆ ಹುಡುಗಿ ಕೈಗೆ ಸಿಗುವುದಿಲ್ಲ, ಹುಡುಗಿ ಹೋದರೆ ತಮ್ಮನೂ ಹೋದ ಹಾಗೆ. ಅದು ರೇಣುಕಾದೇವಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಕರೆದರೆ ಬರಲಾರಳು. ಆ ಶನಿವಾರ ಹನಾಮಿ ಇತ್ತು. ಬಯಲಲ್ಲಾದರೆ ಬಂದಾಳು. ಧೈರ್ಯ ಮಾಡಿ ಫೋನ್ ತಿರುಗಿಸಿದರೆ ಎತ್ತಿದ್ದು ಆನ್ಸರಿಂಗ್ ಮೆಷಿನ್ನು.

"ಹಲೋ, ಮಾನ್ಯಾ? ನಾನು ಅತ್ತೆ. ರೇಣುಕತ್ತೆ. ಮೆಷಿನ್ನು ಅಂತ ಗೊತ್ತು, ಆದ್ರೂ ಮಾತಾಡ್ತಿದೀನಿ. ಊಟ ಮಾಡಿದ್ಯಾ? ಚಳಿ ಕಡಿಮೆ ಆಯ್ತು ಅಂತ ಸ್ವೆಟರ್ ಬಿಡ್ಬೇಡ. ಶನಿವಾರ ಟೈಡಲ್ ಬೇಸಿನ್ ಹತ್ರ ಚೆರ್ರಿ ಹೂವು ನೋಡೋಕೆ ಬರ್ತಿದೀನಿ. ನೀನು ಬರಬೇಕು ಅಂತೇನಿಲ್ಲ. ಬಂದ್ರೆ ನನಗೆ ಸಂತೋಷ. ಮದುವೆ ಗಿದುವೆ ಏನೂ ಮಾತಾಡಲ್ಲ, ದೇವರಾಣೆ. ನಾನು ಎಲ್ಲಿ ಕೂತಿರ್ತೀನಿ ಅಂದ್ರೆ..."

ಮೆಷಿನ್ನು ಕೀಂ ಎಂದು ಕೂಗಿ ನಿಂತಿತು. ಮತ್ತೆ ಮಾಡಲು ಹೋದರೆ ರಾಮಲಿಂಗಪ್ಪನವರು ತಲೆಯಾಡಿಸಿದರು. ಮೇಲಿಂದ ಮೇಲೆ ಫೋನ್ ಮಾಡಿದರೆ ಬೆನ್ನು ಹತ್ತಿದ ಹಾಗಾಗುತ್ತದೆ ಎಂದು ರೇಣುಕಾದೇವಿಗೂ ಅನ್ನಿಸಿತು. ಶುಕ್ರವಾರದವರೆಗೆ ಕಾದರು. ವಾಪಸ್ ಫೋನ್ ಬರಲಿಲ್ಲ.

ಶನಿವಾರ ಬೆಳಕು ಹರಿಯುವಾಗಲೇ ಗಂಡ ತಂದು ಇಳಿಸಿದರು. ಇಡೀ ಕೆರೆಯ ದಂಡೆ ಹೂವಿನಿಂದ ಬೆಳ್ಳಗಾಗಿತ್ತು, ಕೊಂಬೆಯಲ್ಲಿ ಎಲೆಯೇ ಕಾಣದಷ್ಟು. ಜೆಫರ್‌ಸನ್ ಸ್ಮಾರಕದ ಕಡೆಗಿನ ದಂಡೆಯಲ್ಲಿ, ನೀರಿಗೆ ಬಾಗಿದ ಹಳೆಯ ಮರದ ಕೆಳಗೆ ರೇಣುಕಾದೇವಿ ಕೌದಿ ಹಾಸಿದರು. ಒಂದು ಮೂಲೆಯಲ್ಲಿ ಕೈಚೀಲ, ಖಾರ ಮಂಡಕ್ಕಿಯ ಡಬ್ಬಿ. ಆ ಮೂಲೆ ಮಾನ್ಯಾಳದ್ದು. ಪಾರ್ಕಿನ ಕಾವಲಿನವನು ಬಂದು ಕೌದಿಯ ಉದ್ದಗಲ ನೋಡಿದ.

"ಮೇಡಂ, ಇಲ್ಲಿ ಜಾಗ ರಿಸರ್ವ್ ಮಾಡೋ ಹಾಗಿಲ್ಲ."

"ರಿಸರ್ವ್ ಎಲ್ಲಿ ಮಾಡಿದೀನಪ್ಪಾ? ಕೂತಿದೀನಿ."

"ಇಷ್ಟು ದೊಡ್ಡದರ ಮೇಲೆ ಒಬ್ಬರೇನಾ?"

"ಮಂಡಿ ನೋವು. ಎಲ್ಲಾ ದಿಕ್ಕಿಗೂ ಕಾಲು ಚಾಚಬೇಕಾಗುತ್ತೆ."

ಅವನು ನಗು ತಡೆದುಕೊಂಡು ಹೋದ. ಬೇರೆ ವರ್ಷವಾಗಿದ್ದರೆ ಈ ಗೆಲುವನ್ನು ರೇಣುಕಾದೇವಿ ವಾರಗಟ್ಟಲೆ ಹೇಳಿಕೊಳ್ಳುತ್ತಿದ್ದರು. ಅವತ್ತು ಮನಸ್ಸು ದಾರಿಯ ಮೇಲೆಯೇ ಇತ್ತು. ಕಪ್ಪು ಕೂದಲಿನ ತೆಳ್ಳನೆಯ ಹುಡುಗಿ ಯಾರು ಬಂದರೂ ಕತ್ತು ಚಾಚಿ ನೋಡುತ್ತಿದ್ದರು.

ಹೊತ್ತೇರಿದ ಮೇಲೆ ಸೆತ್ಸುಕೋ ಮತ್ತು ಗೆಳತಿಯರು ಬಂದರು. ಚಪ್ಪಲಿಗಳು ಕೌದಿಯ ಅಂಚಿಗೆ ಸಾಲಾದವು. ಅನ್ನದ ಉಂಡೆ, ಎಲೆ ಸುತ್ತಿದ ಸಿಹಿ, ಫ್ಲಾಸ್ಕಿನ ಚಹಾ ಎಲ್ಲ ಹೊರಗೆ ಬಂತು. ಇವರ ಮಂಡಕ್ಕಿ ಮಾತ್ರ ಡಬ್ಬಿಯೊಳಗೇ ಉಳಿಯಿತು. ಮಧ್ಯಾಹ್ನವಾಯಿತು, ಸೆಕೆಯಾಯಿತು, ದಾರಿಯಲ್ಲಿ ಜನ ಒಬ್ಬರಿಗೊಬ್ಬರು ತಾಗಿಕೊಂಡೇ ನಡೆಯುತ್ತಿದ್ದರು. ಗಾಳಿ ಎದ್ದಿತು. ಬೆಳಗ್ಗೆ ಒಂದೊಂದಾಗಿ ಬೀಳುತ್ತಿದ್ದ ಎಸಳು ಈಗ ಹಿಡಿಹಿಡಿಯಾಗಿ ಬೀಳತೊಡಗಿತು. ಮೂಲೆ ಮಾತ್ರ ಖಾಲಿ.

ಆಗ ಎಳೆಯ ಗಂಡಹೆಂಡತಿ ಇಬ್ಬರು ಬಂದು ನಿಂತರು. ಹೆಂಡತಿಯ ತೋಳಿನಲ್ಲಿ ಹಸುಗೂಸು, ಮುಖದಲ್ಲಿ ಸುಸ್ತು. ಈ ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂರಬಹುದೇ ಎಂದು ಗಂಡ ಸಂಕೋಚದಿಂದ ಕೇಳಿದ.

"ಬರ್ತಾರೆ, ಕಾರ್ ಪಾರ್ಕ್..." ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದ ರೇಣುಕಾದೇವಿ ಮಾತನ್ನು ಅಲ್ಲಿಗೇ ಬಿಟ್ಟು ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಅವರಿಬ್ಬರೂ ಪರವಾಗಿಲ್ಲ ಎಂದು ಮುಂದೆ ನಡೆದರು.

ಸೆತ್ಸುಕೋ ಹತ್ತಿರ ಸರಿದು ಕೂತರು. "ಯಾರು ಬರಬೇಕು?"

ರೇಣುಕಾದೇವಿ ಎಲ್ಲವನ್ನೂ ಹೇಳಿದರು. ಇಪ್ಪತ್ತು ವರ್ಷದ ಸ್ನೇಹದಲ್ಲಿ ಇದೊಂದನ್ನು ಮಾತ್ರ ಹೇಳಿರಲಿಲ್ಲ. ತೊಟ್ಟಿಲಿನಿಂದ ಶುರುಮಾಡಿ ಪಾರ್ಕಿಂಗ್ ಲಾಟಿನ ಹೋಳಿಗೆಯವರೆಗೆ ಹೇಳಿ, "ನಾನೇ ಕೈಯಾರೆ ಹಾಳು ಮಾಡ್ಕೊಂಡೆ" ಎಂದರು.

ಸೆತ್ಸುಕೋ ಸಮಾಧಾನ ಹೇಳುವ ಪೈಕಿಯವರಲ್ಲ. ಬಿದ್ದ ಎಸಳುಗಳನ್ನು ಚಹಾದ ಲೋಟದಿಂದ ಬೆರಳಲ್ಲಿ ತೆಗೆಯುತ್ತ, "ನಮ್ಮ ಕಡೆ ಜಾಗ ಹಿಡಿಯಲು ಹೋದವರಿಗೆ ಹಿಡಿಯುವುದಷ್ಟೇ ಕೆಲಸ. ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ ಎನ್ನುವುದು ಬರುವವರಿಗೆ ಬಿಟ್ಟದ್ದು" ಎಂದರು.

"ಬಾಯಲ್ಲಿ ಹೇಳೋದು ಸುಲಭ, ಸೆತ್ಸುಕೋ."

"ಸುಲಭ ಅಂತ ನಾನೆಲ್ಲಿ ಹೇಳಿದೆ?"

ಆ ಕೂಸಿನ ತಾಯಿ ದೂರದಲ್ಲಿ ಒಂದು ಕಸದ ಡಬ್ಬದ ಪಕ್ಕ ನಿಂತು ಕಾಲು ಬದಲಿಸುತ್ತಿದ್ದಳು. ರೇಣುಕಾದೇವಿ ಎದ್ದರು. ಕೈಚೀಲ ಎತ್ತಿದರು, ಡಬ್ಬಿ ಎತ್ತಿದರು. "ಏ ತಾಯೀ! ಇಲ್ಲಿ ಬಾರಮ್ಮಾ, ಇಲ್ಲಿ!" ಎಂದು ಕನ್ನಡದಲ್ಲೇ ಕೂಗಿ ಕೈ ಬೀಸಿದರು. ಭಾಷೆ ತಿಳಿಯದಿದ್ದರೂ ಆ ಇಬ್ಬರಿಗೂ ಅರ್ಥವಾಯಿತು, ಓಡಿಬಂದರು. ಕೂಸನ್ನು ಮೂಲೆಯಲ್ಲಿ ಮಲಗಿಸಿದರು. ರೇಣುಕಾದೇವಿ ಡಬ್ಬಿ ಬಿಚ್ಚಿ ಎಲ್ಲರಿಗೂ ಮಂಡಕ್ಕಿ ಹಂಚಿದರು. ಹಂಚುವಾಗ ಕಣ್ಣಿಂದ ನೀರು ಬರುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ. ಖಾರ ಜಾಸ್ತಿಯಾಯಿತೆಂದು ಆ ಗಂಡಹೆಂಡತಿ ತಿಳಿದುಕೊಂಡರು.

ಮಂಡಕ್ಕಿ ಮುಗಿಯುವ ಹೊತ್ತಿಗೆ ಹಿಂದಿನಿಂದ ಯಾರೋ ಏದುಸಿರು ಬಿಡುತ್ತ ಕೂಗಿದರು.

"ಅತ್ತೆ!"

ಮಾನ್ಯಾ. ಮುಖ ಬಿಸಿಲಿಗೆ ಕೆಂಪಾಗಿದೆ, ಚಪ್ಪಲಿ ಕೈಯಲ್ಲಿದೆ. ಎತ್ತರವಾಗಿದ್ದಾಳೆ, ಕೂದಲು ಕತ್ತರಿಸಿಕೊಂಡಿದ್ದಾಳೆ. ರೇಣುಕಾದೇವಿಗೆ ನಿಲ್ಲಲು ಹೋದರೆ ಮಂಡಿ ಕೇಳಲಿಲ್ಲ, ಸೆತ್ಸುಕೋ ತೋಳು ಹಿಡಿದು ಎಬ್ಬಿಸಿದರು.

"ಎಷ್ಟು ಹುಡುಕೋದು ಅತ್ತೆ? ಎರಡು ರೌಂಡ್ ಹಾಕಿದೆ! ನಿಮ್ಮ ಮೆಸೇಜ್ ಅರ್ಧಕ್ಕೇ ಕಟ್ ಆಗಿದೆ. ವೇರ್, ಅಂತ ಗೊತ್ತೇ ಆಗ್ಲಿಲ್ಲ. ಬೆಳಗ್ಗೆ ಹೊರಡೋಕೆ ಮುಂಚೆ ಮನೆಗೆ ಕಾಲ್ ಮಾಡಿದ್ರೆ ಯಾರೂ ಎತ್ತಲಿಲ್ಲ."

"ನೀನು ಫೋನೇ ಮಾಡ್ಲಿಲ್ಲ ಅಂತ ನಾನು..."

"ಮಾಡೋಕೆ ನನಗೆ ಭಯ ಆಯ್ತು. ಐ ವಾಸ್ ಸ್ಕೇರ್ಡ್. ಫೋರ್ ಇಯರ್ಸ್ ಆಯ್ತಲ್ಲ."

ರೇಣುಕಾದೇವಿ ಅವಳ ಎರಡೂ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣೇ. ನಿನ್ನನ್ನ ಒಂದು ಮಾತು ಕೇಳ್ಲಿಲ್ಲ ನಾನು. ದೊಡ್ಡ ತಪ್ಪು ಮಾಡಿದೆ."

"ಹೌದು, ಮಾಡಿದ್ರಿ" ಎಂದಳು ಮಾನ್ಯಾ. ಅಳುತ್ತಿದ್ದಳು, ಆದರೆ ಮಾತು ಗಟ್ಟಿಯಾಗಿತ್ತು. "ಆಮೇಲೆ ನಿಮ್ಮನ್ನ ತುಂಬಾ ಮಿಸ್ ಮಾಡಿದೆ. ಅದೂ ನಿಜ."

ಆಗ ರೇಣುಕಾದೇವಿಗೆ ಮೂಲೆಯ ನೆನಪಾಯಿತು. ತಿರುಗಿ ನೋಡಿದರೆ ಮಲಗಿದ ಕೂಸು, ಕಾಲು ಚಾಚಿದ ತಾಯಿ. ಕೌದಿಯಲ್ಲಿ ಒಂದು ಅಂಗೈ ಜಾಗ ಉಳಿದಿರಲಿಲ್ಲ. ಜನ್ಮವಿಡೀ ಊರವರಿಗೆಲ್ಲ ಜಾಗ ಹಿಡಿದು, ಇವಳಿಗೇ ಇಲ್ಲವಲ್ಲ! "ಅಯ್ಯೋ, ಬೆಳಗ್ಗೆಯಿಂದ ನಿನಗೇ ಅಂತ ಇಟ್ಟಿದ್ದೆ, ಈಗಷ್ಟೇ ಕೊಟ್ಟುಬಿಟ್ಟೆ. ತಡಿ, ನಾನು ನಿಂತ್ಕೋತೀನಿ, ನೀನು ಇಲ್ಲಿ..." ಎಂದು ತಡವರಿಸಿದರು.

"ಬೇಡ ಅತ್ತೆ, ಯಾರನ್ನೂ ಏಳಿಸ್ಬೇಡಿ. ನೀವು ಬನ್ನಿ. ನಾವು ಬ್ರಿಡ್ಜ್ ಹತ್ರ ಕೂತಿದೀವಿ, ನಾನು, ನನ್ನ ಫ್ರೆಂಡ್ಸ್. ಬೆಳಗ್ಗೆ ಬೇಗ ಬಂದು ಒಳ್ಳೆ ಮರ ಹಿಡ್ಕೊಂಡ್ವಿ. ನಿಮಗೆ ಜಾಗ ಇಟ್ಟಿದೀನಿ."

"ನನಗಾ?"

"ನಿಮಗೇ. ಯಾರನ್ನೂ ಕೂರೋಕೆ ಬಿಟ್ಟಿಲ್ಲ."

ರೇಣುಕಾದೇವಿ ಕೌದಿಯತ್ತ ನೋಡಿದರು, ಆಮೇಲೆ ಸೆತ್ಸುಕೋ ಕಡೆ ತಿರುಗಿದರು. ಸೆತ್ಸುಕೋ ಆಗಲೇ ಇವರ ಚಪ್ಪಲಿಗಳನ್ನು ಸಾಲಿನಿಂದ ಎತ್ತಿ ಮುಂದೆ ಇಟ್ಟಿದ್ದರು.

ಜನರ ನಡುವೆ ದಾರಿ ಮಾಡಿಕೊಂಡು ಮಾನ್ಯಾ ಮುಂದೆ, ಅವಳ ಕೈ ಹಿಡಿದು ಅತ್ತೆ ಹಿಂದೆ. ದಾರಿಯಲ್ಲಿ ಮಾನ್ಯಾ, ಮೇ ತಿಂಗಳಲ್ಲಿ ಅಪ್ಪ ಅಮ್ಮ ಪದವಿ ಸಮಾರಂಭಕ್ಕೆ ಬರುತ್ತಾರೆ, ನೀವೂ ಮಾಮನೂ ಬರಬೇಕು, ಅಮ್ಮನಿಗೆ ನಾನು ಹೇಳ್ತೀನಿ ಎಂದಳು. ವಸಂತಾ ಏನನ್ನುತ್ತಾಳೋ ಎಂದು ರೇಣುಕಾದೇವಿಗೆ ಅಳುಕಿತ್ತು, ಆದರೂ ಹೂಂ ಎಂದರು. ಸೇತುವೆಯ ಪಕ್ಕದ ಮರದ ಕೆಳಗೆ ಒಂದು ಹಳೆಯ ಬೆಡ್‌ಶೀಟು, ಅದರ ಮೇಲೆ ಪಿಜ್ಜಾದ ಡಬ್ಬಿಗಳು, ಏಳೆಂಟು ಹುಡುಗ ಹುಡುಗಿಯರು. ಒಬ್ಬ ಕನ್ನಡಕದ ಹುಡುಗ ಮಾನ್ಯಾಳನ್ನು ಕಂಡು ನಕ್ಕ ರೀತಿ ಬೇರೆಯೇ ಇತ್ತು. ಯಾರು, ಯಾರ ಮಗ, ಎಲ್ಲಿಯವನು ಎಂಬ ಪ್ರಶ್ನೆಗಳೆಲ್ಲ ರೇಣುಕಾದೇವಿಯ ನಾಲಗೆಯ ತುದಿಗೆ ಬಂದು ನಿಂತವು. ನುಂಗಿಕೊಂಡರು.

"ಮಾನ್ಯಾ ಬೆಳಗ್ಗೆಯಿಂದ ಎಷ್ಟು ಜನರ ಜೊತೆ ಜಗಳ ಆಡಿದಾಳೆ ಗೊತ್ತಾ, ಈ ಜಾಗಕ್ಕೆ?" ಎಂದು ಆ ಹುಡುಗ ಇಂಗ್ಲಿಷಿನಲ್ಲಿ ಹೇಳಿ, ಸರಿದು ತೋರಿಸಿದ. ಎಲ್ಲರ ನಟ್ಟನಡುವೆ, ಮರದ ಬೊಡ್ಡೆಗೆ ಬೆನ್ನು ಕೊಡುವಂತೆ, ಎರಡು ಗೇಣು ಜಾಗ ಖಾಲಿ ಇತ್ತು. ಅದರ ಮೇಲೆ ಮಾನ್ಯಾಳ ಜಾಕೆಟ್ ಹಾಸಿತ್ತು, ಜಾಕೆಟ್ಟಿನ ಮೇಲೆ ಬೆಳಗ್ಗೆಯಿಂದ ಉದುರಿದ ಎಸಳು ಹಾಗೇ ಬಿದ್ದಿತ್ತು. ಇನ್ನೊಬ್ಬರು ತಮಗಾಗಿ ಹಿಡಿದ ಜಾಗದಲ್ಲಿ ಹೇಗೆ ಕೂರಬೇಕೆಂದು ರೇಣುಕಾದೇವಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಎಸಳು ಚೆಲ್ಲದಂತೆ ಜಾಕೆಟ್ಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು.